ಊಟಿಯಿಂದ ಇಳಿದ ಸ್ಕೂಟರನ್ನು ಊರಿನ ಗಾಳಿಗೆ ಹೊಂದಿಸಿದ್ದು

ಊಟಿಯ ಒಂದು ಚಹಾ ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷ ಫಿಟ್ಟರ್ ಆಗಿದ್ದೆ. ಕೆಲಸ ಬಿಟ್ಟು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ತೋಟಕ್ಕೆ ವಾಪಸ್ ಬಂದಾಗ ಮನೆ ಸಾಮಾನಿನ ಜೊತೆ ಹಳೇ 110 ಸಿಸಿ ಸ್ಕೂಟರೂ ಪಿಕಪ್ಪಿನಲ್ಲಿ ಇಳಿಯಿತು. ಅಲ್ಲಿಯ ಏರುಗಳನ್ನು ಆಡಿನ ಮರಿ ಹಾಗೆ ಹತ್ತುತ್ತಿದ್ದ ಗಾಡಿ, ಇಲ್ಲಿ ಸೀತಾಂಗೋಳಿ ರಸ್ತೆಯಲ್ಲಿ ಸುಮ್ನೆ ಬೊಬ್ಬೆ ಹೊಡೆಯಲು ಶುರು ಮಾಡಿತು. ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗಲು ಮನಸ್ಸು ಮಾಡುವುದಿಲ್ಲ. "ನೀವು ಬರುವುದು ತಿರುವಿನಿಂದಲೇ ಗೊತ್ತಾಗ್ತದೆ" ಅಂತ ಹೆಂಡತಿ.

ಪೇಟೆಯ ಒಬ್ಬ ಮೆಕ್ಯಾನಿಕ್ ಐದು ನಿಮಿಷ ಕಿವಿಗೊಟ್ಟು ಕೇಳಿ, ಸಿಲಿಂಡರ್ ಕೊರೆಸಿ ಬೋರ್ ಮಾಡಿಸಬೇಕು ಅಂದ. ಹೊಗೆ ಇಲ್ಲ, ಆಯಿಲ್ ಕಮ್ಮಿಯಾಗಿಲ್ಲ, ಬೋರ್ ಯಾಕೆ ಮಾರಾಯ? ಮನೆಗೆ ಬಂದು ಕೂತು ಯೋಚಿಸಿದಾಗ ನನ್ನ ತಲೆಗೇ ಒಂದು ಮೊಟಕಬೇಕು ಅನಿಸಿತು. ಆ ಗಾಡಿಯನ್ನು ಊಟಿಗೆ ಅಂತ ಬದಲಾಯಿಸಿದವನು ನಾನೇ!

ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿಯ ಗಾಳಿಯ ಒತ್ತಡ ಸಮುದ್ರದ ಮಟ್ಟದ ಮುಕ್ಕಾಲು ಪಾಲು ಮಾತ್ರ. ನೀರು 92–93 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ನಮ್ಮ ಕುಚ್ಚಲಕ್ಕಿ ಬೇಯಿಸುವುದು ದೊಡ್ಡ ರಗಳೆ. ಎಂಜಿನ್ನಿಗೂ ಅದೇ ತೆಳು ಗಾಳಿ. ಹತ್ತಿರ ಹತ್ತಿರ ಕಾಲು ಭಾಗ ಶಕ್ತಿ ಹೋಗಿಬಿಡುತ್ತದೆ. ಅದಕ್ಕೆ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಸಣ್ಣ ಮೇನ್ ಜೆಟ್ (ಪೆಟ್ರೋಲ್ ಹರಿಯುವ ತೂತಿನ ತುಂಡು) ಹಾಕಿದ್ದೆ, ವೇರಿಯೇಟರಿಗೆ ಹಗುರದ ರೋಲರ್ ಹಾಕಿದ್ದೆ.

ವೇರಿಯೇಟರ್ ಅಂದ್ರೆ ಗೇರಿಲ್ಲದ ಸ್ಕೂಟರಿನ ಮುಂದಿನ ಪುಲ್ಲಿ, ಎರಡು ತಟ್ಟೆಗಳ ನಡುವೆ ಬೆಲ್ಟು ಹಿಡಿದು ಹಿಂದಿನ ಪುಲ್ಲಿಯನ್ನು ತಿರುಗಿಸುವಂಥದ್ದು. ಅದರೊಳಗೆ ಆರು ಗುಂಡು ರೋಲರುಗಳಿವೆ. ಎಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಗೆ ಓಡಿ ತಟ್ಟೆಯನ್ನು ತಳ್ಳುತ್ತವೆ. ಬೆಲ್ಟು ಮೇಲಕ್ಕೆ ಹತ್ತುತ್ತದೆ, ಗೇರು ಬದಲಾಯಿಸಿದ ಹಾಗಾಗುತ್ತದೆ. ರೋಲರ್ ಹಗುರವಾದರೆ ತಳ್ಳಲು ನಿಮಿಷಕ್ಕೆ ಜಾಸ್ತಿ ಸುತ್ತು, ಅಂದ್ರೆ ಜಾಸ್ತಿ ಆರ್‌ಪಿಎಂ ಬೇಕು. ಸೋತ ಎಂಜಿನ್ನಿಗೆ ಅದು ಒಳ್ಳೆಯದು, ಭಾರದ ಗೇರಿಗೆ ಬೇಗ ಬೀಳುವುದಿಲ್ಲ. ಗುಲ್ಮಾರ್ಗಿನಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲೂ ಮೂಲದಲ್ಲಿ ಇದೇ ಉಪಾಯ. ಅಲ್ಲಿ ರೋಲರಿನ ಬದಲು ತೂಕದ ತೋಳುಗಳು. ಬೆಟ್ಟದಿಂದ ಕೆಳಗೆ ತಂದರೆ ಅವರೂ ತೂಕ ಏರಿಸಲೇಬೇಕು.

ಮೊದಲು ಕೈ ಹಾಕಿದ್ದು ಜೆಟ್ಟಿಗೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಇಲ್ಲಿ ಗಾಳಿ ದಪ್ಪ, ಜೆಟ್ ಸಣ್ಣದು, ಪೆಟ್ರೋಲ್ ಸಾಕಾಗದೆ ಎಂಜಿನ್ ಸುಡುತ್ತಿದೆ ಅಂತ ಅರ್ಥ. ಕಂಪನಿಯ ಮೂಲ ಜೆಟ್ ವಾಪಸ್ ಹಾಕಿ ಎರಡು ದಿನ ಓಡಿಸಿದೆ, ಪ್ಲಗ್ ತೆಳು ಕಂದು ಬಣ್ಣಕ್ಕೆ ಬಂತು. ಈ ಕೆಲಸ ಬಿಟ್ಟು ರೋಲರಿಗೆ ಹೋಗಲೇಬಾರದು. ಎಂಜಿನ್ನಿನ ಶಕ್ತಿಯೇ ಸರಿ ಇಲ್ಲದಾಗ ರೋಲರ್ ಅಳೆದು ಏನು ಪ್ರಯೋಜನ? 2020ರ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಸ್ಕೂಟರುಗಳಲ್ಲಿ ಕಾರ್ಬ್ಯುರೇಟರಿನ ಬದಲು ಇಂಜೆಕ್ಷನ್ ಇರುವುದರಿಂದ ಪೆಟ್ರೋಲ್ ಲೆಕ್ಕ ತಾನೇ ಸರಿಹೋಗುತ್ತದೆ. ಆದರೆ ರೋಲರಿಗೆ ಎತ್ತರ ತಗ್ಗು ಗೊತ್ತಾಗುವುದಿಲ್ಲ.

ಸ್ಕೂಟರಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲವಲ್ಲ. ಪ್ಲಗ್ಗಿನ ವಯರಿಗೆ ಸುತ್ತುವ ಒಂದು ಸಣ್ಣ ಮೀಟರ್ ತರಿಸಿದೆ. ಅದು ಮೊದಲು 16,600 ತೋರಿಸಿತು! ಒಂದು ಸುತ್ತಿಗೆ ಒಂದು ಕಿಡಿ ಅಂತ ಸೆಟ್ಟಿಂಗ್ ಬದಲಾಯಿಸಿದ ಮೇಲೆ 8,300. ಪೂರ್ತಿ ಎಕ್ಸಲೇಟರ್ ಕೊಟ್ಟು ಸಮತಟ್ಟು ರಸ್ತೆಯಲ್ಲಿ ವೇಗ ಏರಿಸುವಾಗಿನ ಲೆಕ್ಕ ಇದು. ನನ್ನ ಗಾಡಿಯ ಪುಸ್ತಕದಲ್ಲಿ ಗರಿಷ್ಠ ಶಕ್ತಿ ಬರುವುದು 7,500ರಲ್ಲಿ. ಅಂದ್ರೆ 800 ಸುತ್ತು ದಂಡ.

ಹಳೇ ರೋಲರುಗಳನ್ನು ಪರಿಚಯದ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿದೆ. ಅಂಗಡಿಯವರು "ಇದು ಎಷ್ಟು ಕ್ಯಾರೆಟ್ ಅಣ್ಣಾ?" ಅಂತ ನಕ್ಕರು. ತಲಾ 11 ಗ್ರಾಂ. ರೋಲರ್ ತಳ್ಳುವ ಬಲ ತೂಕಕ್ಕೆ ಸರಿಯಾಗಿ ಏರುತ್ತದೆ, ಸುತ್ತಿನ ವೇಗಕ್ಕಾದರೆ ಅದರ ವರ್ಗದಷ್ಟು ಏರುತ್ತದೆ. ಆ ಲೆಕ್ಕದಲ್ಲಿ 13 ಗ್ರಾಂ ಹಾಕಿದರೆ 7,600ರ ಹತ್ತಿರ, 14 ಹಾಕಿದರೆ 7,350ರ ಹತ್ತಿರ ಬರಬೇಕು. ಆಸೆಗೆ ಬಿದ್ದು ಮೊದಲು 14 ಹಾಕಿದೆ.

ಅಲ್ಲೇ ಒಂದು ಎಡವಟ್ಟು ಮಾಡಿಕೊಂಡೆ. ಹೊರಗಿನ ತಟ್ಟೆ ಕೂರಿಸುವಾಗ ಬೆಲ್ಟು ಎರಡು ತಟ್ಟೆಗಳ ನಡುವೆ ಸಿಕ್ಕಿಕೊಂಡಿತ್ತು. ತಟ್ಟೆ ಶಾಫ್ಟಿನ ಹಲ್ಲಿಗೆ ಕೂತೇ ಇರಲಿಲ್ಲ. ನಟ್ಟು ಬಿಗಿಯಾಯಿತು ಅಂದುಕೊಂಡು ಕವರ್ ಹಾಕಿದೆ. ನೀರ್ಚಾಲು ತಲುಪುವಷ್ಟರಲ್ಲಿ ಒಳಗಿಂದ ಕಟಕಟ ಸದ್ದು. ನಿಲ್ಲಿಸಿ, ತಳ್ಳಿಕೊಂಡು ಬಂದು ಬಿಚ್ಚಿದರೆ ನಟ್ಟು ಸಡಿಲ, ತಟ್ಟೆಯ ಹಲ್ಲುಗಳ ಅಂಚು ತಿಂದುಹೋಗಿದೆ. ತಟ್ಟೆ ಹೊಸದೇ ತರಬೇಕಾಯಿತು. ಈಗ ಹಿಂದಿನ ಪುಲ್ಲಿಯ ಎರಡು ತಟ್ಟೆಗಳನ್ನು ಕೈಯಿಂದ ಅಗಲಿಸಿ ಬೆಲ್ಟನ್ನು ಆಳಕ್ಕೆ ಒತ್ತುತ್ತೇನೆ. ಆಗ ಮುಂದೆ ಬೆಲ್ಟು ಸಡಿಲ ಸಿಗುತ್ತದೆ. ನಟ್ಟು ಹಾಕುವ ಮೊದಲು ಶಾಫ್ಟಿನ ಹಲ್ಲಿನ ತುದಿ ತಟ್ಟೆಯ ತೂತಿನಲ್ಲಿ ಕಾಣುತ್ತದಾ ಅಂತ ಟಾರ್ಚ್ ಹಾಕಿ ನೋಡುತ್ತೇನೆ. ಇನ್ನೊಂದು, ವೇರಿಯೇಟರನ್ನು ಶಾಫ್ಟಿಗೆ ಏರಿಸುವಾಗ ಹಿಂಬದಿಯ ತಟ್ಟೆಯನ್ನು ಬೆರಳಿನಿಂದ ಒತ್ತಿ ಹಿಡಿದೇ ಇರಬೇಕು. ಸ್ವಲ್ಪ ಬಿಟ್ಟರೂ ಒಂದು ರೋಲರ್ ಜಾರಿ ಅಡ್ಡ ಬೀಳುತ್ತದೆ. ರೋಲರಿಗೆ ಗ್ರೀಸು ಬಳಿಯಲು ಹೋಗಬೇಡಿ, ನನ್ನ ಗಾಡಿಯಲ್ಲಿ ಅದು ಒಣಗಿಯೇ ಓಡಬೇಕಾದ್ದು. ಗ್ರೀಸು ಬೆಲ್ಟಿಗೆ ಹಾರಿದರೆ ಬೆಲ್ಟು ಜಾರುತ್ತದೆ.

14 ಗ್ರಾಂ ಹೆದ್ದಾರಿಯಲ್ಲಿ ಬಹಳ ಚಂದ. ಕುಂಬಳೆಯಿಂದ ಕಾಸರಗೋಡಿಗೆ ಹೋಗುವಾಗ ಗಾಡಿಯ ಸದ್ದೇ ಇಲ್ಲ. ಆದರೆ ಅಕ್ಕನ ಮನೆ ಇರುವುದು ಪೊಸಡಿಗುಂಪೆ ಗುಡ್ಡದ ಕಡೆ. ಹಿಂದೆ ಹೆಂಡತಿ, ಕಾಲ ಹತ್ತಿರ ಅರ್ಧ ಗೋಣಿ ಅಡಿಕೆ ಇಟ್ಟು ಏರು ಹತ್ತಿದರೆ ಆರ್‌ಪಿಎಂ 6,400ಕ್ಕೆ ಇಳಿದು ಗಾಡಿ ಏದುಸಿರು ಬಿಟ್ಟಿತು. ಸಮುದ್ರಮಟ್ಟ ಅಂದ ಮಾತ್ರಕ್ಕೆ ನಮ್ಮೂರು ಚಪ್ಪಟೆ ಅಲ್ವಲ್ಲ! ಕೊನೆಗೆ ಮೂರು 14ರದ್ದು, ಮೂರು 12ರದ್ದು, ಒಂದು ಬಿಟ್ಟು ಒಂದರಂತೆ ಹಾಕಿದೆ. ಲೆಕ್ಕಕ್ಕೆ ಸರಾಸರಿ 13. ಸಮತಟ್ಟಿನಲ್ಲಿ 7,600, ಅದೇ ಏರಿನಲ್ಲಿ ಭಾರ ಸಮೇತ 7,000ಕ್ಕಿಂತ ಕೆಳಗೆ ಬರಲಿಲ್ಲ. ಹದಿನೈದು ದಿನ ನೋಡಿ, ಆರೂ 13 ಗ್ರಾಮಿನದ್ದೇ ತರಿಸಿ ಹಾಕಿದೆ.

ಬೆಲ್ಟು ಪೂರ್ತಿ ಮೇಲೆ ಹತ್ತುತ್ತದಾ ಅಂತ ನೋಡಲು ಪುಲ್ಲಿಯ ಮುಖದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಳಗಿಂದ ಅಂಚಿನವರೆಗೆ ನಾಲ್ಕು ಗೆರೆ ಎಳೆದು ಓಡಿಸಿದೆ. ಬೆಲ್ಟು ಉಜ್ಜಿದಲ್ಲಿ ಗೆರೆ ಅಳಿಯುತ್ತದೆ. 11 ಗ್ರಾಂ ಇದ್ದಾಗ 60ರಲ್ಲಿ ಓಡಿಸಿ ಬಂದರೆ ಅಂಚಿನಲ್ಲಿ ಬೆರಳಗಲ ಶಾಯಿ ಉಳಿಯುತ್ತಿತ್ತು. ಈಗ ಉಳಿಯುವುದು ನೂಲಿನಷ್ಟು.

ಹಿಂದಿನ ದೊಡ್ಡ ಸ್ಪ್ರಿಂಗ್ ಮುಟ್ಟಲಿಲ್ಲ. ಗೇರ್‌ಬಾಕ್ಸಿನ ಹಲ್ಲು ಬದಲಾಯಿಸುವ ಹುಚ್ಚೂ ಬೇಡ ಅಂತ ಬಿಟ್ಟೆ. ಮೈಲೇಜ್ 37 ಇದ್ದದ್ದು 43 ಆಯಿತು. ಮಳೆಗಾಲದಲ್ಲಿ ಬೆಳಿಗ್ಗೆ ಹೊರಡುವಾಗ ಬೆಲ್ಟು ಒಂದು ಕ್ಷಣ ಕೀಚಲು ಸದ್ದು ಮಾಡುತ್ತದೆ, ಅದಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ. ಹಳೇ ಆರು ರೋಲರ್, ಆ ಸಣ್ಣ ಜೆಟ್ ಎರಡನ್ನೂ ಮಾತ್ರೆ ಡಬ್ಬಿಯಲ್ಲಿ ಹಾಕಿ ಮೇಲೆ 'ಊಟಿ' ಅಂತ ಬರೆದು ಅಟ್ಟದಲ್ಲಿ ಇಟ್ಟಿದ್ದೇನೆ.