ಬೆಳಗ್ಗೆ ಹಿಡಿದುಕೊಳ್ಳುತ್ತಿದ್ದ ಯಾಶಿಕಾ

"ಸ್ಪ್ರಿಂಗ್ ಸೋತಿದೆ, ಪಾರ್ಟ್ ಸಿಗಲ್ಲ, ಶೋಕೇಸಲ್ಲಿ ಇಟ್ಕೊಳ್ಳಿ." ಒಂದು ಹಳೇ ಕ್ಯಾಮೆರಾದ ಶಟರ್ (ಫಿಲ್ಮಿಗೆ ಬೆಳಕು ಬಿಡಲು ತೆರೆದು ಮುಚ್ಚುವ ಬಾಗಿಲು) ಬಗ್ಗೆ ಮೂರು ಜನ, ಮೂರು ಊರಲ್ಲಿ, ನನಗೆ ಹೇಳಿದ್ದು ಇದನ್ನೇ. ಅದರಲ್ಲಿ ಒಬ್ಬರು ನನ್ನ ಸೋದರಮಾವ. ನಲವತ್ತು ವರ್ಷ ಸ್ಟುಡಿಯೋ ನಡೆಸಿದವರು, ಕ್ಯಾಮೆರಾ ಅವರದೇ. ಈಗ ಅದೇ ಶಟರ್ ಒಂದು ಸೆಕೆಂಡ್ ಅಂದರೆ ಒಂದು ಸೆಕೆಂಡೇ ತೆರೆದಿರುತ್ತದೆ. ಹಾಗಾಗಿ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ಕ್ಯಾಮೆರಾ ಯಾಶಿಕಾ ಡಿ. ಎರಡು ಕಣ್ಣಿನದು (ಒಂದು ಲೆನ್ಸ್ ನೋಡಲು, ಇನ್ನೊಂದು ಚಿತ್ರಕ್ಕೆ), 120 ಅನ್ನುವ ಅಗಲದ ರೋಲ್ ಫಿಲ್ಮು, ಕೊಪಾಲ್ ಕಂಪನಿಯ ಎಂಎಕ್ಸ್‌ವಿ ಶಟರ್, ಸ್ಪೀಡು 1 ಸೆಕೆಂಡಿನಿಂದ 1/500 ಸೆಕೆಂಡಿನವರೆಗೆ. ಮಾವನ ಮನೆ ಮಲೆನಾಡಿನ ಸಾಗರ ಪೇಟೆಯ ಹತ್ತಿರ. ಇಪ್ಪತ್ತು ಮಳೆಗಾಲ ಅಟ್ಟದ ಮೇಲೆ ಅಡಿಕೆ ಚೀಲದ ಪಕ್ಕ ಕೂತಿತ್ತು ಅಂದಮೇಲೆ ಸ್ಥಿತಿ ನೀವೇ ಊಹಿಸಿ. 1/125ರಿಂದ ಮೇಲೆ, ಅಂದರೆ ವೇಗದ ಸ್ಪೀಡುಗಳಲ್ಲಿ, ಓಡುತ್ತಿತ್ತು. 1/30ರಿಂದ ಕೆಳಗೆ, ನಿಧಾನ ಸ್ಪೀಡಿಗೆ, ಬಂದರೆ ಬ್ಲೇಡ್ (ಶಟರಿನ ತೆಳು ತಗಡು) ತೆರೆದು ಹಾಗೇ ನಿಂತುಬಿಡುತ್ತಿತ್ತು. ಬೆಂಗಳೂರಿನ ಒಬ್ಬ ರಿಪೇರಿಯವರು 6,500 ಕೇಳಿದರು. ಗ್ಯಾರಂಟಿ ಇಲ್ಲ ಅಂತಲೂ ಹೇಳಿದರು.

ನನಗೆ ಅನುಮಾನ ಬಂದದ್ದು ಒಂದು ಡಿಸೆಂಬರ್‌ನಲ್ಲಿ. ಮಧ್ಯಾಹ್ನ ಸುಮ್ನೆ ಒತ್ತಿ ನೋಡಿದರೆ 1/15 ಓಡುತ್ತಿದೆ. ಮಾರನೇ ದಿನ ಬೆಳಗ್ಗೆ ಆರಕ್ಕೆ ಒತ್ತಿದರೆ ಹಿಡಿದುಕೊಂಡಿದೆ. ಮತ್ತೆ ಮಧ್ಯಾಹ್ನ ಓಡಿತು. ಸ್ಪ್ರಿಂಗ್ ಸೋತಿದ್ದರೆ ಅದಕ್ಕೆ ಬೆಳಗ್ಗೆ ಏನು, ಮಧ್ಯಾಹ್ನ ಏನು? ಚಳಿಗೆ ಗಟ್ಟಿಯಾಗುವುದು ಎಣ್ಣೆ. ಹೆಂಡತಿಯ ಹೇರ್ ಡ್ರೈಯರ್ ತಂದು ದೂರದಿಂದ ಎರಡು ನಿಮಿಷ ಬಿಸಿಗಾಳಿ ಕೊಟ್ಟೆ. ಅರ್ಧ ಸೆಕೆಂಡಿನ ಸ್ಪೀಡೂ ಗರ್ ಅಂತ ಓಡಿತು. ಅಲ್ಲಿಗೆ ನನ್ನ ಮಟ್ಟಿಗೆ ತೀರ್ಮಾನವಾಯಿತು. ಶಟರ್ ಸತ್ತಿಲ್ಲ, ಅಂಟಿಕೊಂಡಿದೆ.

ಆದರೆ ಕ್ಯಾಮೆರಾ ಬಿಚ್ಚಿದ ಅನುಭವ ನನಗೆ ಸೊನ್ನೆ. ಅಭ್ಯಾಸಕ್ಕೆ ಅಂತ ಇದೇ ಮಾಡೆಲ್ಲಿನ ಗುಜರಿ ಪೀಸ್ ಒಂದನ್ನು 2,200ಕ್ಕೋ ಏನೋ ತಂದೆ. ಅದರ ಕ್ಯಾಮ್ ಪ್ಲೇಟ್ (ಸ್ಪೀಡ್ ಬದಲಿಸುವ ತಟ್ಟೆ) ಎತ್ತಿದ ಕೂಡಲೇ ಕೂದಲಿನಂಥ ಸ್ಪ್ರಿಂಗ್ ಒಂದು ಟಿಂಗ್ ಅಂತ ಹಾರಿತು. ನೆಲ ಗುಡಿಸಿದೆ, ಹಳೇ ಸ್ಪೀಕರ್ ಮ್ಯಾಗ್ನೆಟ್ ಎಳೆದಾಡಿದೆ, ಟಾರ್ಚ್ ಹಿಡಿದು ಮಲಗಿ ನೋಡಿದೆ. ಇವತ್ತಿಗೂ ಸಿಕ್ಕಿಲ್ಲ. ಅವತ್ತಿನಿಂದ ನಾನು ಕೆಲಸ ಮಾಡುವುದು ಸೊಳ್ಳೆಪರದೆಯ ಒಳಗೆ. ನಗಬೇಡಿ. ಮಂಚದ ಮೇಲೆ ಹಲಗೆ, ಅದರ ಮೇಲೆ ಬಿಳಿ ಪಂಚೆ, ಸುತ್ತ ಪರದೆ. ಮಾವನ ಕ್ಯಾಮೆರಾದ ಸ್ಪ್ರಿಂಗೂ ಒಮ್ಮೆ ಹಾರಿತು, ಪರದೆಗೆ ಬಡಿದು ಪಂಚೆ ಮೇಲೇ ಬಿತ್ತು.

ಬಿಚ್ಚುವ ಕ್ರಮ ಇಷ್ಟೇ. ಲೆದರೆಟ್ (ಮೈಮೇಲಿನ ಚರ್ಮದಂಥ ಹೊದಿಕೆ) ಎಬ್ಬಿಸಿ, ಮುಂದಿನ ಪ್ಯಾನೆಲ್ ತೆಗೆದು, ಮುಂದಿನ ಗಾಜು ತಿರುಗಿಸಿ ತೆಗೆಯುವುದು. ಗಾಜಿನ ರಿಂಗ್ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಅದನ್ನು ಸಡಿಲ ಮಾಡಿದ್ದು ಅಡುಗೆಮನೆಯ ಒಂದು ರಬ್ಬರ್ ವಸ್ತುವಿನಿಂದ. ಯಾವುದು ಅಂತ ಹೇಳಲ್ಲ, ಅಷ್ಟಾದರೂ ನನ್ನ ಹತ್ತಿರ ಇರಲಿ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಮೇಲಿನಿಂದ ಲೈಟರ್ ಫ್ಲೂಯಿಡ್ (ಸಿಗರೇಟ್ ಲೈಟರಿಗೆ ತುಂಬುವ ದ್ರವ) ಸುರಿದೆ, ಐವತ್ತು ಸಲ ಒತ್ತಿದೆ, ಭರ್ಜರಿಯಾಗಿ ಓಡಿತು. ಮಾವನಿಗೆ ಫೋನ್ ಮಾಡಿ ಜಂಬವನ್ನೂ ಕೊಚ್ಚಿದೆ. ಬೆಳಗ್ಗೆ ನೋಡಿದರೆ 1/125 ಕೂಡ ಹಿಡಿದುಕೊಂಡಿದೆ! ಗೇರುಗಳಲ್ಲಿದ್ದ ಜಿಡ್ಡು ಕರಗಿ ಬ್ಲೇಡಿಗೆ ಇಳಿದು, ಅಲ್ಲೇ ಒಣಗಿತ್ತು. ಮತ್ತೆ ಸುರಿದೆ. ಮತ್ತೆ ಅದೇ. ಮೂರನೇ ಸಲ ಖರ್ಚು ಉಳಿಸೋಣ ಅಂತ ಬಂಕಿನ ಪೆಟ್ರೋಲ್ ಹಾಕಿದೆ. ವಾಚ್ ರಿಪೇರಿಯವರು ಪೆಟ್ರೋಲಿನಲ್ಲಿ ತೊಳೆಯುವುದನ್ನು ನೋಡಿದ್ದೆ. ಅವರ ಕೈಗುಣ ಬೇರೆ ಇರಬೇಕು, ನನ್ನ ಬ್ಲೇಡಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಉಳಿಯಿತು. ಅದನ್ನು ತೆಗೆಯಲು ಇನ್ನೊಂದು ಡಬ್ಬಿ ಲೈಟರ್ ಫ್ಲೂಯಿಡ್ ಹೋಯಿತು. ಡಬ್ಬಿಗೆ 300ರ ಹತ್ತಿರ, ಒಟ್ಟು ನಾಲ್ಕು ಡಬ್ಬಿ.

ನಾಲ್ಕನೇ ಸಲ ಧೈರ್ಯ ಮಾಡಿ ನಿಧಾನ ಸ್ಪೀಡಿನ ಗೇರ್ ಸೆಟ್ಟನ್ನೇ ಹೊರಗೆ ತೆಗೆದೆ. ತೆಗೆಯುವುದು ಅಂದುಕೊಂಡಷ್ಟು ಕಷ್ಟವಲ್ಲ, ಆದರೆ ಲೀವರ್ ಯಾವ ಪಿನ್ನಿನ ಯಾವ ಕಡೆ ಕೂತಿತ್ತು ಅಂತ ಫೋಟೋ ಇಲ್ಲದಿದ್ದರೆ ಮುಗೀತು ಕಥೆ. ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಆಗಾಗ ಹಲ್ಲುಕಡ್ಡಿಯಿಂದ ಗೇರ್ ತಿರುಗಿಸುತ್ತಿದ್ದೆ. ಬೆಳಗ್ಗೆ ನೋಡಿದರೆ ದ್ರವ ಹಳೇ ಜೋನಿಬೆಲ್ಲದ ಬಣ್ಣ. ಬ್ಲೇಡುಗಳನ್ನು ಇಯರ್ ಬಡ್‌ನಿಂದ ಎರಡೂ ಕಡೆ ಒರೆಸಿದೆ, ಬಡ್ ಬಿಳಿಯಾಗಿ ಬರುವವರೆಗೆ. ಬ್ಲೇಡಿಗೆ ಎಣ್ಣೆ ಬೇಡವೇ ಬೇಡ. ಪ್ಯಾಲೆಟ್ಟಿನ (ಗೇರಿನ ಓಟವನ್ನು ತಡೆತಡೆದು ಬಿಡುವ ತುಂಡು) ತಿರುಗುವ ಕೀಲುಗಳಿಗೆ ಮಾತ್ರ ವಾಚ್ ಎಣ್ಣೆ, ಸೂಜಿ ತುದಿಯಲ್ಲಿ ಕಾಣುವಷ್ಟೂ ಇಲ್ಲ.

ಜೋಡಿಸುವಾಗ ಇನ್ನೊಂದು ಎಡವಟ್ಟು. ಮುಂದಿನ ಪ್ಯಾನೆಲ್ಲಿನ ಸ್ಪೀಡ್ ಚಕ್ರದ ಹಲ್ಲು ಆಚೀಚೆ ಕೂತಿತ್ತು. ಕಿಟಕಿಯಲ್ಲಿ ತೋರಿಸುವುದು ಒಂದು ಸ್ಪೀಡು, ಒಳಗೆ ಓಡುವುದು ಇನ್ನೊಂದು. ಇದು ಗೊತ್ತಾದದ್ದು ಒಂದು ರೋಲ್ ಪೂರ್ತಿ ಹಾಳಾದ ಮೇಲೆ. ಹನ್ನೆರಡು ಚಿತ್ರ, 800 ರೂಪಾಯಿ, ಎಲ್ಲ ಗೋವಿಂದ.

ಅಳೆಯದೆ ಫಿಲ್ಮ್ ಹಾಕಬಾರದು ಅಂತ ಆಮೇಲೆ ಬುದ್ಧಿ ಬಂತು. ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ಸೆಕೆಂಡಿಗೆ 240 ಫ್ರೇಮ್. 1/30ಕ್ಕೆ 8 ಫ್ರೇಮ್ ಬರಬೇಕು, ನನಗೆ 8 ಅಥವಾ 9 ಬರುತ್ತಿದೆ. ಒಂದು ಸೆಕೆಂಡಿಗೆ 250ರ ಆಸುಪಾಸು. 1/125ರಿಂದ ಮೇಲೆ ಫೋನ್ ಪ್ರಯೋಜನವಿಲ್ಲ, ಸಿಗುವುದೇ ಎರಡು ಫ್ರೇಮು. ಅದಕ್ಕೆ ಹತ್ತಿಪ್ಪತ್ತು ರೂಪಾಯಿಯ ಫೋಟೋ ಟ್ರಾನ್ಸಿಸ್ಟರನ್ನು (ಬೆಳಕು ಬಿದ್ದರೆ ಕರೆಂಟ್ ಬಿಡುವ ಪುಟ್ಟ ಭಾಗ) ಹಳೇ ಕಂಪ್ಯೂಟರಿನ ಮೈಕ್ ಸಾಕೆಟ್ಟಿಗೆ ಸಿಕ್ಕಿಸಿದೆ. ಬ್ಯಾಟರಿಯೂ ಬೇಡ, ಸಾಕೆಟ್ಟೇ ಬೇಕಾದಷ್ಟು ವೋಲ್ಟೇಜ್ ಕೊಡುತ್ತದೆ. ಶಟರಿನ ಒಂದು ಕಡೆ ಟಾರ್ಚ್, ಇನ್ನೊಂದು ಕಡೆ ಇದು. ಆಡಾಸಿಟಿ ಅನ್ನುವ ಧ್ವನಿ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ ಅಲೆಯ ಅಗಲ ನೋಡಿದರೆ ಆಯಿತು. 1/500 ಅನ್ನುವುದು ನನ್ನಲ್ಲಿ ಸುಮಾರು 1/340. ಸಾಕು ಬಿಡಿ, ಇಷ್ಟು ಹಳೇ ಬ್ಲೇಡ್ ಶಟರಿಂದ ಅದಕ್ಕಿಂತ ಜಾಸ್ತಿ ಕೇಳಬಾರದು.

ಇದರ ನಡುವೆ ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ) ದುಡ್ಡು ಉಳಿಸಲು ಕಾಫಿಯಲ್ಲಿ ಫಿಲ್ಮ್ ತೊಳೆಯುವ ಹುಚ್ಚೂ ಹಿಡಿಯಿತು. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ. ಲೀಟರಿಗೆ ಕಾಫಿ 40 ಗ್ರಾಂ, ಸೋಡಾ 54, ವಿಟಮಿನ್ 16ರ ಲೆಕ್ಕ. ನೆಗೆಟಿವ್ ಚೆನ್ನಾಗಿಯೇ ಬಂತು, ಮನೆ ತುಂಬ ವಾಸನೆಯೂ ಬಂತು. ನಮ್ಮ ಫಿಲ್ಟರ್ ಡಿಕಾಕ್ಷನ್ ಯಾಕಾಗಬಾರದು ಅಂತ ಅದನ್ನೂ ನೋಡಿದೆ. ಚಿಕೋರಿ ಬೆರೆತ ಪುಡಿ. ನೆಗೆಟಿವ್ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಬಂತು. ಮಿಕ್ಕ ಡಿಕಾಕ್ಷನ್ ಕುಡಿದೆ.

ಖರ್ಚು ಕೂಡಿಸಿದರೆ ಸ್ಕ್ರೂಡ್ರೈವರ್ ಸೆಟ್, ಗುಜರಿ ಪೀಸ್, ಡಬ್ಬಿಗಳು, ಮೂರು ರೋಲ್ ಎಲ್ಲ ಸೇರಿ 7,000ದ ಹತ್ತಿರ. ರಿಪೇರಿಯವರು ಕೇಳಿದ್ದಕ್ಕಿಂತ 500 ಜಾಸ್ತಿ. ಈ ಲೆಕ್ಕ ಮನೆಯಲ್ಲಿ ಆಗಾಗ ನೆನಪಿಸುತ್ತಾರೆ. ಆದರೆ ಆಮೇಲೆ ಗೆಳೆಯರ ಇನ್ನೂ ಎರಡು ಶಟರ್ ಇದೇ ಕ್ರಮದಲ್ಲಿ ಓಡಿಸಿದ್ದೇನೆ. ಅದನ್ನು ಯಾರೂ ನೆನಪಿಸುವುದಿಲ್ಲ.

ಕ್ಯಾಮೆರಾ ತೆಗೆದುಕೊಂಡು ಹೋಗಿ ಮಾವನ ಕೈಗೆ ಕೊಟ್ಟೆ. ಒಂದು ಸೆಕೆಂಡಿಗೆ ಇಟ್ಟು ಕಿವಿ ಹತ್ತಿರ ಹಿಡಿದು ನಾಲ್ಕೈದು ಸಲ ಒತ್ತಿದರು. "ಸ್ಪ್ರಿಂಗ್ ಎಲ್ಲಿ ಸಿಕ್ತೋ?" ಅಂದರು. ಸ್ಪ್ರಿಂಗ್ ಹಳೇದೇ ಮಾವ, ಯಾರೋ ಒಳಗೆ ಎಣ್ಣೆ ಹಾಕಿದ್ದರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅತ್ತೆ ಹೊಲಿಗೆ ಮಷೀನಿನ ಎಣ್ಣೆ, ಎರಡೇ ಹನಿ ಬಿಟ್ಟಿದ್ದೆ ಕಣೋ. ಒಂದು ಮದುವೆ ದಿನ ಬೆಳಗ್ಗೆ ಹಿಡ್ಕೊಂಡಿತ್ತು" ಅಂದರು.

ಸೆಲ್ಫ್ ಟೈಮರ್ ಗೇರು ಮಾತ್ರ ಇನ್ನೂ ಮುಟ್ಟಿಲ್ಲ. ವಿ (ಸೆಲ್ಫ್ ಟೈಮರ್ ಗುರುತು) ಕಡೆ ಲೀವರ್ ತಳ್ಳಬೇಡಿ ಅಂತ ಟೇಪ್ ಅಂಟಿಸಿದ್ದೇನೆ. ಶಟರ್ ಎಳೆದ (ಸ್ಪ್ರಿಂಗ್ ಬಿಗಿದ) ಮೇಲೆ 1/500ಕ್ಕೆ ತಿರುಗಿಸಬೇಡಿ ಅಂತ ಇನ್ನೊಂದು ಟೇಪು.