ಕಾಂಪೌಂಡ್ ಗುಟ್ಟು ಉಳಿಸಿದ ಒಂದು ಪುಟದ ಕರಾರು

ನಮ್ಮದು ಮೈಸೂರಿನಲ್ಲಿ ಊದುಬತ್ತಿ ಘಟಕ. ಇಪ್ಪತ್ತಾರು ಜನ ಕೆಲಸಕ್ಕಿದ್ದಾರೆ. ಈ ಕಸುಬಿನವರಿಗೆ ಗೊತ್ತೇ ಇದೆ, ಕಡ್ಡಿ ಯಾರು ಬೇಕಾದರೂ ಹೊಸೆಯುತ್ತಾರೆ, ದುಡ್ಡಿರುವುದು ಕಾಂಪೌಂಡಿನಲ್ಲಿ, ಅಂದರೆ ಪರಿಮಳ ಕೊಡುವ ಎಣ್ಣೆಗಳ ಮಿಶ್ರಣದಲ್ಲಿ. 2016ರಲ್ಲಿ ಕಾಂಪೌಂಡ್ ಬೆರೆಸುತ್ತಿದ್ದ ಹುಡುಗ ಕೆಲಸ ಬಿಟ್ಟ. ನಾಲ್ಕೈದು ತಿಂಗಳಲ್ಲಿ ನಮ್ಮ ಮಲ್ಲಿಗೆ ಪರಿಮಳವೇ ಬೇರೆ ಪ್ಯಾಕೆಟ್ಟಿನಲ್ಲಿ ಅಂಗಡಿಗೆ ಬಂತು, ಡಜನ್‌ಗೆ ಎಂಟು ರೂಪಾಯಿ ಕಡಿಮೆಗೆ. ಆ ವರ್ಷ ಸುಮಾರು ಏಳು ಲಕ್ಷದ ವ್ಯಾಪಾರ ಕೈತಪ್ಪಿತು.

ಅವನು ಸಹಿ ಮಾಡಿದ್ದ ಕರಾರು ನನ್ನ ಹತ್ತಿರ ಇತ್ತು. ಇಂಗ್ಲಿಷಿನಲ್ಲಿ ನಾಲ್ಕು ಪುಟ, ಪರಿಚಯದವರ ಕಂಪನಿಯದನ್ನು ತಂದು ಹೆಸರು ಬದಲಿಸಿದ್ದು. ಬಿಟ್ಟ ಮೇಲೆ ಮೂರು ವರ್ಷ ದೇಶದ ಯಾವ ಊದುಬತ್ತಿ ಕಾರ್ಖಾನೆಗೂ ಸೇರಬಾರದು, ಸೇರಿದರೆ ಹತ್ತು ಲಕ್ಷ ಕಟ್ಟಬೇಕು ಅಂತ ಬರೆದಿತ್ತು. ವಕೀಲರು ಓದಿ, 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಈ ಸಾಲು ನಿಲ್ಲುವುದಿಲ್ಲ ಅಂದರು. ಕೆಲಸದಲ್ಲಿರುವಾಗ ಬೇರೆ ಕಡೆ ದುಡಿಯಬೇಡ ಅನ್ನಬಹುದು, ಅದನ್ನು ಸುಪ್ರೀಂ ಕೋರ್ಟ್ 1967ರಲ್ಲೇ ಒಪ್ಪಿದೆ. ಬಿಟ್ಟುಹೋದವನ ಹೊಟ್ಟೆಪಾಡಿಗೆ ಅಡ್ಡ ಬರುವ ಹಾಗಿಲ್ಲ. ನೋಟಿಸು, ಓಡಾಟ ಅಂತ ನಲವತ್ತು ಸಾವಿರ ಖರ್ಚಾಯಿತು, ಒಂದು ರೂಪಾಯಿ ವಾಪಸ್ ಬರಲಿಲ್ಲ.

ಆಮೇಲೆ ಹೊಸಬರ ಮಾರ್ಕ್ಸ್ ಕಾರ್ಡ್ ತೆಗೆದು ಇಟ್ಟುಕೊಂಡೆ. ಖಾಲಿ ಚೆಕ್ ಕೂಡ ಕೇಳಿದೆ. ಎರಡೂ ತಪ್ಪು. ಕೈಚಳಕ ಇದ್ದ ಇಬ್ಬರು ಬಾಗಿಲಿಂದಲೇ ತಿರುಗಿಹೋದರು. ಆರು ತಿಂಗಳಿಗೆ ಅದನ್ನು ನಿಲ್ಲಿಸಿ, ಕಾರ್ಡುಗಳನ್ನೆಲ್ಲ ಅವರವರ ಕೈಗೆ ಕೊಟ್ಟೆ.

2019ರಲ್ಲಿ ಹೊಸದಾಗಿ ಬರೆಸಿದೆ. ಒಂದೇ ಪುಟ, ಅಚ್ಚ ಕನ್ನಡ. 'ಎಲ್ಲೂ ಸೇರಬಾರದು' ಅನ್ನೋದು ತೆಗೆದುಹಾಕಿದೆ. ಯಾವುದು ಗುಟ್ಟು ಅಂತ ಬಿಡಿಸಿ ಬರೆದೆ: ಕಾಂಪೌಂಡಿಗೆ ಯಾವ ಎಣ್ಣೆ ಎಷ್ಟು ಅನ್ನುವ ಅಳತೆ ಚೀಟಿ, ಎಣ್ಣೆ ಕೊಡುವವರ ಹೆಸರು ಮತ್ತು ದರ, ಯಾವ ಅಂಗಡಿಗೆ ಎಷ್ಟು ರಿಯಾಯಿತಿ. ಹೊಸೆಯುವುದು, ಅದ್ದುವುದು, ಒಣಗಿಸುವುದು ಅವರವರ ಕಸುಬು, ಅದು ನಮ್ಮದಲ್ಲ ಅಂತಲೂ ಸೇರಿಸಿದೆ. ಈ ಸಾಲು ನೋಡಿಯೇ ಹುಡುಗರು ನಂಬಿದ್ದು. ಗಟ್ಟಿಯಾಗಿ ಓದಿಸಿ, ಸಹಿ ಹಾಕಿಸಿ, ಒಂದು ಪ್ರತಿ ಅವರಿಗೇ ಕೊಡುತ್ತೇನೆ.

ಬರೀ ಕಾಗದ ಸಾಲದು ಅಲ್ವಾ? ಚೀಟಿ ಬೀರುವಿನಿಂದ ಹೊರಗೆ ಬಂದರೆ ರಿಜಿಸ್ಟರಿನಲ್ಲಿ ಹೆಸರು, ಹೊತ್ತು, ಸಹಿ. ಎಣ್ಣೆಗಳನ್ನು ನಮ್ಮ ಕ್ಯಾನಿಗೆ ಸುರಿದು ನಂಬರ್ ಹಾಕುತ್ತೇವೆ. ಪೂರ್ತಿ ಅಳತೆ ಒಬ್ಬರ ಕೈಗೆ ಸಿಗುವುದಿಲ್ಲ. ಹೇಗೆ ಹಂಚುತ್ತೇವೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಿಡುತ್ತೇನೆ ಅಂದವರಿಗೆ ಎರಡು ತಿಂಗಳ ನೋಟಿಸ್ ಅವಧಿ. ಸಂಬಳ ಪೂರ್ತಿ, ಆದರೆ ಕೆಲಸ ಪ್ಯಾಕಿಂಗಿನಲ್ಲಿ. ಒಬ್ಬರಿಗೆ ನಲವತ್ನಾಲ್ಕು ಸಾವಿರದ ಹತ್ತಿರ ಬೀಳುತ್ತೆ. 'ಸುಮ್ನೆ ದುಡ್ಡು ಸುರೀತೀಯ, ಯಾವ ಕಾಗದ ಯಾರನ್ನು ಹಿಡಿದಿದೆ' ಅಂತ ಜೊತೆಯವರು ಟೀ ಅಂಗಡಿಯಲ್ಲಿ ವರ್ಷಗಟ್ಟಲೆ ಹೇಳಿದರು.

ಹೋದ ವರ್ಷ ಅದು ಕೆಲಸಕ್ಕೆ ಬಂತು. ಬಿಟ್ಟುಹೋದ ಒಬ್ಬನ ಫೋನಿನಲ್ಲಿ ಎರಡು ಚೀಟಿಯ ಫೋಟೋ ಇದ್ದದ್ದು ಗೊತ್ತಾಯಿತು. ಅವನು ಸೇರಿದ್ದ ಕಡೆಗೆ ಮತ್ತು ಅವನಿಗೆ ಒಂದೇ ನೋಟಿಸ್: ಸಹಿಯ ತಾರೀಖು, ಚೀಟಿ ತೆಗೆದ ಹೊತ್ತು, ರಿಜಿಸ್ಟರಿನ ನಕಲು. ಅವನ ಕೆಲಸ ತಪ್ಪಿಸಿ ಅಂತ ಕೇಳಲಿಲ್ಲ. ಹತ್ತು ದಿನದೊಳಗೆ ಆ ಮಾಲೀಕರೇ ಕೂತು ಮಾತಾಡಿ, ಫೋಟೋ ಅಳಿಸಿ, ಬಳಸುವುದಿಲ್ಲ ಅಂತ ಬರೆದುಕೊಟ್ಟರು. ವಕೀಲರಿಗೆ ಹೋದದ್ದು ಆರು ಸಾವಿರ. ಟೀ ಅಂಗಡಿಯಲ್ಲಿ ನಕ್ಕವರಲ್ಲಿ ಮೂವರು ಈಗ ನನ್ನ ಪುಟದ ನಕಲು ಒಯ್ದಿದ್ದಾರೆ. ಹೆಮ್ಮೆ ಇದೆ, ಮುಚ್ಚಿಡಲ್ಲ.

ಒಂದು ಮಾತು ಮರೆಯಬೇಡಿ. ಅಂಗಡಿಯಲ್ಲಿ ಪ್ಯಾಕೆಟ್ ಕೊಂಡು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಹೋಲುವ ಪರಿಮಳ ಮಾಡಿದರೆ ಈ ಕರಾರು ಏನೂ ಮಾಡಲಾರದು. ಅದಕ್ಕೆ ನಾನು ಪ್ರತಿ ಲಾಟಿಗೂ ಒಂದು ಗುರುತಿನ ಎಣ್ಣೆ ಚೂರು ಹಾಕಿ ನೋಡಿದೆ. ಉರಿಸಿದಾಗ ವಾಸನೆ ಕೆಟ್ಟಿತು, ಹನ್ನೆರಡು ಕೆಜಿ ಮಾಲು ಹಾಳಾಯಿತು, ಕೈಬಿಟ್ಟೆ.

ಈಗಿನ ಪ್ರಯೋಗ ತರಬೇತಿ ಬಾಂಡ್, ಅಂದರೆ ಕಲಿಸಿದ ಮೇಲೆ ಹೇಳಿದಷ್ಟು ದಿನ ಇರಬೇಕು, ಮೊದಲೇ ಬಿಟ್ಟರೆ ದುಡ್ಡು ಕಟ್ಟಬೇಕು ಅನ್ನುವ ಕರಾರು. ಕೆಲಸ ಬಿಟ್ಟ ಬ್ಯಾಂಕ್ ಅಧಿಕಾರಿಯೊಬ್ಬರ ಮೊಕದ್ದಮೆಯಲ್ಲಿ ಮೂರು ವರ್ಷ, ಎರಡು ಲಕ್ಷದ ಬಾಂಡನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ನಮ್ಮ ಹೈಕೋರ್ಟಿನಿಂದಲೇ ಹೋದ ಕೇಸು. ಅದನ್ನು ಓದಿ ಒಬ್ಬ ಹುಡುಗನನ್ನು ಉತ್ತರ ಪ್ರದೇಶದ ಕನೌಜಿನ ಸುಗಂಧ ಕೇಂದ್ರಕ್ಕೆ ತರಬೇತಿಗೆ ಕಳಿಸಿದೆ. ಖರ್ಚು ಐವತ್ತೈದು ಸಾವಿರ ಆಯಿತು. ಬಾಂಡಿನಲ್ಲಿ ಅಷ್ಟೇ ಬರೆದಿದ್ದೇನೆ, ಎರಡು ವರ್ಷ, ತಿಂಗಳು ತಿಂಗಳು ಮೊತ್ತ ಇಳಿಯುತ್ತದೆ. ಅವನು ಬಂದು ಲಾವಂಚದ ಹೊಸ ಕಾಂಪೌಂಡ್ ಮಾಡಿದ್ದಾನೆ. ಅದರ ಚೀಟಿ ಬೀರುವಿನಲ್ಲಿದೆ.