ಒಂದು ಎಕರೆ ಮೂರು ಎಕರೆಯಾದ ಪಾಲು ದಾವೆ

ನನ್ನ ಕಕ್ಷಿದಾರರ ಪಾಲು ದಾವೆ 2011ರದ್ದು. ಪಿತ್ರಾರ್ಜಿತ ಜಮೀನು ಒಂಬತ್ತು ಎಕರೆ, ಇಬ್ಬರು ಅಣ್ಣಂದಿರು, ಇವರೊಬ್ಬರೇ ಹೆಣ್ಣುಮಗಳು. ತಾಯಿ ಮೊದಲೇ ತೀರಿಕೊಂಡಿದ್ದರು, ತಂದೆ ತೀರಿಕೊಂಡಿದ್ದು 1998ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ಬಂದ ಕರ್ನಾಟಕ ತಿದ್ದುಪಡಿ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಅನ್ವಯಿಸುವುದಿಲ್ಲ; ಇವರ ಮದುವೆ 1985ರಲ್ಲೇ ಆಗಿದ್ದರಿಂದ ಅದು ಉಪಯೋಗಕ್ಕೆ ಬರಲಿಲ್ಲ. ನಾವು ನೆಚ್ಚಿಕೊಂಡಿದ್ದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ 2005ರ ಕೇಂದ್ರ ತಿದ್ದುಪಡಿಯನ್ನು.

ವಾದಕ್ಕೆ ಬರುವ ಹೊತ್ತಿಗೆ, 2015ರ ಅಕ್ಟೋಬರ್‌ನಲ್ಲಿ, ಸುಪ್ರೀಂ ಕೋರ್ಟಿನ ಫೂಲವತಿ ತೀರ್ಪು ಬಂತು. ಆ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಗಂಡುಮಕ್ಕಳ ಸಮ ಹಕ್ಕು ಅಂತ ಅದರ ಅರ್ಥ. ನಮ್ಮ ಕೇಸು ಅಲ್ಲೇ ಕುಸಿಯಿತು. ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಹಂಚಿದರೆ ತಂದೆಗೆ ಮೂರರಲ್ಲಿ ಒಂದು, ಆ ಒಂದರಲ್ಲಿ ಮೂವರು ಮಕ್ಕಳಿಗೆ ಮತ್ತೆ ಮೂರು ಪಾಲು. 2016ರ ಪ್ರಾಥಮಿಕ ಡಿಕ್ರಿಯಲ್ಲಿ, ಅಂದರೆ ಯಾರಿಗೆ ಎಷ್ಟು ಪಾಲು ಅಂತ ಹೇಳುವ ಮೊದಲ ಆದೇಶದಲ್ಲಿ, ಇವರಿಗೆ ಬಂದಿದ್ದು ಒಂಬತ್ತರಲ್ಲಿ ಒಂದು, ಅಂದರೆ ಒಂದೇ ಎಕರೆ.

ನಾನು ಅಪೀಲು ಹಾಕಲಿಲ್ಲ. ಕಾನೂನು ಮುಗಿದೇ ಹೋಯಿತು ಅಂದುಕೊಂಡಿದ್ದೆ, ಅದು ನನ್ನ ತಪ್ಪು. 2018ರ ಫೆಬ್ರವರಿಯಲ್ಲಿ ದಾನಮ್ಮ ತೀರ್ಪು ಬಂತು. ಅದೂ ಕರ್ನಾಟಕದಿಂದಲೇ ಹೋದ ಕೇಸು, ಅಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿತ್ತು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠದ್ದೇ, ಹಾಗಾಗಿ ಯಾವುದನ್ನು ಹಿಡಿಯಬೇಕು ಅಂತ ಕೋರ್ಟುಗಳಿಗೇ ಗೊಂದಲ. ಅಷ್ಟರಲ್ಲಿ ಅಣ್ಣಂದಿರು ಒಂದು ಎಕರೆ ಬರೆದುಕೊಡುತ್ತೇವೆ, ರಾಜಿ ಆಗೋಣ ಅಂದರು. ‘ಸರ್, ಸಿಕ್ಕಿದ್ದು ತಗೊಂಡು ಬಿಡ್ಲಾ?’ ಅಂತ ಇವರು ಕೇಳಿದರು. ಎರಡು ತೀರ್ಪು ಎದುರುಬದುರಾಗಿವೆ, ಇದನ್ನು ದೊಡ್ಡ ಪೀಠ ಬಿಡಿಸಲೇಬೇಕು, ಸಹಿ ಮಾತ್ರ ಹಾಕಬೇಡಿ ಅಮ್ಮ ಅಂದೆ.

2020ರ ಆಗಸ್ಟ್ 11ಕ್ಕೆ ಮೂವರ ಪೀಠದ ವಿನೀತಾ ಶರ್ಮಾ ತೀರ್ಪು ಬಂತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು ಅಂತೇನಿಲ್ಲ. ಟಿವಿಯಲ್ಲಿ ಇಷ್ಟೇ ಬಂದಿದ್ದು. ನನಗೆ ಬೇಕಾಗಿದ್ದು ತೀರ್ಪಿನ ಕೊನೆಯಲ್ಲಿತ್ತು: ಪ್ರಾಥಮಿಕ ಡಿಕ್ರಿ ಆಗಿದ್ದರೂ, ಅಂತಿಮ ಡಿಕ್ರಿಯ, ಅಂದರೆ ಜಮೀನನ್ನು ಅಳೆದು ಹಂಚಿಕೊಡುವ ಆದೇಶದ, ಕೇಸು ಬಾಕಿ ಇದ್ದರೆ ಮಗಳಿಗೆ ಮಗನಷ್ಟೇ ಪಾಲು ಕೊಡಬೇಕು. ನಮ್ಮದು ಆಗಿನ್ನೂ ಆ ಅಂತಿಮ ಡಿಕ್ರಿಯ ಹಂತದಲ್ಲೇ ಇತ್ತು! ತೀರ್ಪಿನ ಮೇಲೆ ಹಾಕುವ ಸಾರಾಂಶ, ಹೆಡ್‌ನೋಟ್, ಅಷ್ಟನ್ನೇ ಓದಿ ಬಿಟ್ಟಿದ್ದರೆ ಇದರ ತೂಕ ನನಗೆ ತಿಳಿಯುತ್ತಿರಲಿಲ್ಲ.

ಡಿಕ್ರಿ ತಿದ್ದಿಕೊಡಿ ಅಂತ ಅರ್ಜಿ ಹಾಕಿದೆ. ಅಪೀಲೇ ಹಾಕಿಲ್ಲ, ಈಗ ಹೇಗೆ ತಿದ್ದುತ್ತೀರಿ ಅಂತ ಎದುರಿನ ವಕೀಲರು ಪಟ್ಟು ಹಿಡಿದರು. ಪಾಲು ದಾವೆಯಲ್ಲಿ ಅಂತಿಮ ಡಿಕ್ರಿ ಆಗುವವರೆಗೂ ಪಾಲು ಬದಲಾಯಿಸಬಹುದು ಅಂತ ಹೇಳಿದ 2011ರ ಗಂಡೂರಿ ಕೋಟೇಶ್ವರಮ್ಮ ತೀರ್ಪನ್ನು ಮುಂದಿಟ್ಟೆ. ಮೂರರಲ್ಲಿ ಒಂದು ಪಾಲು ಅಂತ ಆದೇಶ ಆಯಿತು.

ಅಣ್ಣಂದಿರು 2002ರಲ್ಲೇ ರಿಜಿಸ್ಟರ್ ಮಾಡಿ ಮಾರಿದ್ದ ಇನ್ನೊಂದು ಎಕರೆಯನ್ನೂ ಕೇಳೋಣ್ವಾ ಅಂತ ಇವರಿಗೆ ಆಸೆ ಇತ್ತು. 2004ರ ಡಿಸೆಂಬರ್ 20ಕ್ಕಿಂತ ಮೊದಲಿನ ಮಾರಾಟವನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಆಗಲ್ಲಮ್ಮ ಅಂತ ನೇರವಾಗಿ ಹೇಳಿದೆ.

ಕಾನೂನು ಹೀಗೆ ಹಿಂದೆಮುಂದೆ ಆಗುವುದು ಪಾಲು ದಾವೆಯಲ್ಲಿ ಮಾತ್ರವಲ್ಲ, ಚೆಕ್ ಬೌನ್ಸ್ ಕೇಸುಗಳಲ್ಲೂ ಆಗಿದೆ. ಎಲ್ಲಿ ಕೇಸು ಹಾಕಬೇಕು ಅನ್ನುವುದನ್ನೇ 2014ರ ಆಗಸ್ಟ್‌ನ ಒಂದು ತೀರ್ಪು ಬದಲಾಯಿಸಿತು, ಎಷ್ಟೋ ದೂರುಗಳು ವಾಪಸ್ ಬಂದವು, ಒಂದು ವರ್ಷ ತುಂಬುವ ಮೊದಲೇ ಸುಗ್ರೀವಾಜ್ಞೆ ತಂದು ಅದನ್ನು ಮತ್ತೆ ಬದಲಾಯಿಸಿದರು. ಅದಕ್ಕೇ ಈಗ ತೀರ್ಪು ಕೈಗೆ ಬಂದರೆ ಮೊದಲು ನೋಡುವುದು ಪೀಠದಲ್ಲಿ ಎಷ್ಟು ಜನ, ತಾರೀಖು ಯಾವುದು, ನನ್ನ ಕೇಸು ಯಾವ ಹಂತದಲ್ಲಿದೆ.

ಸರ್ವೆಯವರು ಅಳೆಯಲು ಬಂದ ದಿನ ಇವರು ಬೆಳಗ್ಗೆಯಿಂದ ಬದುವಿನ ಮೇಲೆಯೇ ನಿಂತಿದ್ದರಂತೆ. ಸಂಜೆ ಫೋನ್ ಮಾಡಿ, ‘ಮೂರು ಎಕರೆಗೂ ಕಲ್ಲು ಹಾಕಿದ್ರು ಸರ್’ ಅಂದರು.